ಛಲವೋ, ನಿಷ್ಠೆಯೋ?

ಕಳೆದ ತಪಸ್ಸುಕಾಲದಲ್ಲಿ ಬೆಳ್ಮಣ್ಣಿನ ಒಂದು ಮನೆಗೆ ಹೋಗಿದ್ದೆ. ಪ್ರಾರ್ಥನೆ ಮುಗಿದು ಚಹಾ ಕುಡಿಯುತ್ತಿದ್ದಾಗ, ಪದವಿ ತರಗತಿಯಲ್ಲಿ ಓದುತ್ತಿರುವ ಆ ಮನೆಯ ಮಗಳು ತನ್ನ ಇಂಗ್ಲಿಷ್ ಪಾಠದ ಪುಟವೊಂದನ್ನು ನನ್ನ ಮುಂದೆ ಇಟ್ಟಳು. ಐದು ಗುಣವಾಚಕಗಳನ್ನು ಕೊಟ್ಟು, ಇವುಗಳಲ್ಲಿ ಹೊಗಳಿಕೆಯ ಮಾತು ಯಾವುದು, ತೆಗಳಿಕೆಯ ಮಾತು ಯಾವುದು ಎಂದು ಕೇಳಿದ್ದರು. ಡೈ-ಹಾರ್ಡ್, ಡೈಡ್-ಇನ್-ದ-ವುಲ್, ಟ್ರೂ-ಬ್ಲೂ, ಸ್ಟಾಂಚ್, ಹೈಡ್‌ಬೌಂಡ್. "ಫಾದರ್, ಐದಕ್ಕೂ ನಾನು ಕನ್ನಡದಲ್ಲಿ 'ಕಟ್ಟಾ' ಎಂದೇ ಅರ್ಥ ಬರೆದುಕೊಂಡಿದ್ದೇನೆ. ಆದರೆ ಕಟ್ಟಾ ಎಂದರೆ ಹೊಗಳಿಕೆಯೋ ಬೈಗುಳವೋ?" ಎಂದು ಕೇಳಿದಳು. ನನಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಕಟ್ಟಾ ಅಭಿಮಾನಿ ಎಂದರೆ ನಾವು ಮೆಚ್ಚುತ್ತೇವೆ. ಕಟ್ಟಾ ಸಂಪ್ರದಾಯವಾದಿ ಎಂದರೆ ಸ್ವಲ್ಪ ಹಿಂದೆ ಸರಿದು ನಿಲ್ಲುತ್ತೇವೆ. ಪದ ಒಂದೇ, ಕಟ್ಟಿಕೊಂಡ ಕಂಬ ಮಾತ್ರ ಬೇರೆ.

ಪದಗಳ ಹಿಂದೆ ಹೋದರೆ ಇತಿಹಾಸ ಸಿಗುತ್ತದೆ. ಡೈ-ಹಾರ್ಡ್ ಎಂದೊಡನೆ ನಮ್ಮ ಯುವಜನರಿಗೆ 1988ರ ಹಾಲಿವುಡ್ ಚಿತ್ರ ನೆನಪಾಗಬಹುದು. ಆದರೆ ಅದಕ್ಕೆ ಕೀರ್ತಿ ತಂದದ್ದು ಒಂದು ರಣರಂಗ. 1811ರ ಮೇ 16ರಂದು ಸ್ಪೇನಿನ ಅಲ್ಬುವೆರಾ ಎಂಬಲ್ಲಿ ನೆಪೋಲಿಯನ್ನನ ಸೇನೆಯ ಎದುರು ಹೋರಾಡುತ್ತಿದ್ದ ಬ್ರಿಟಿಷರ 57ನೆಯ ರೆಜಿಮೆಂಟಿನ ಅಧಿಕಾರಿ ವಿಲಿಯಂ ಇಂಗ್ಲಿಸ್ ತೀವ್ರವಾಗಿ ಗಾಯಗೊಂಡು ನೆಲದ ಮೇಲೆ ಬಿದ್ದಿದ್ದರೂ ಹಿಂದಕ್ಕೆ ಹೋಗಲೊಪ್ಪದೆ, ಸುಲಭವಾಗಿ ಸಾಯಬೇಡಿರೆಂದು ತನ್ನವರನ್ನು ಹುರಿದುಂಬಿಸಿದನಂತೆ. ಅಂದಿನಿಂದ ಆ ಪಡೆಗೆ ಅದೇ ಬಿರುದು. ನೂರು ವರ್ಷ ಕಳೆದು 1911ರಲ್ಲಿ, ಬ್ರಿಟಿಷ್ ಪಾರ್ಲಿಮೆಂಟಿನ ಮೇಲ್ಮನೆಯ ಅಧಿಕಾರವನ್ನು ಮೊಟಕುಗೊಳಿಸುವ ಮಸೂದೆಯನ್ನು ಕೊನೆಯವರೆಗೂ ವಿರೋಧಿಸಿದ ಸಿರಿವಂತ ಪ್ರಭುಗಳಿಗೂ ಇದೇ ಹೆಸರು ಅಂಟಿತು. ರಣರಂಗದಲ್ಲಿ ವೀರರ ಬಿರುದಾಗಿದ್ದದ್ದು ರಾಜಕೀಯದಲ್ಲಿ ಹಠಮಾರಿಗಳ ಅಡ್ಡಹೆಸರಾಯಿತು. ನೂರು ವರ್ಷಗಳಲ್ಲಿ ಪದ ಕೆಡಲಿಲ್ಲ. ಸಾಯಲು ಸಿದ್ಧರಾದ ಕಾರಣ ಬದಲಾಯಿತು, ಅಷ್ಟೆ.

ಡೈಡ್-ಇನ್-ದ-ವುಲ್ ಎಂಬುದು ನೇಕಾರರ ಮಾತು. ಬಟ್ಟೆ ನೇಯ್ದ ಮೇಲೆ ಬಣ್ಣ ಹಾಕುವುದು ಒಂದು ರೀತಿ. ನೂಲುವ ಮೊದಲೇ ಉಣ್ಣೆಯನ್ನು ಬಣ್ಣದಲ್ಲಿ ಅದ್ದುವುದು ಇನ್ನೊಂದು ರೀತಿ. ಎರಡನೆಯದು ಸುಲಭವಾಗಿ ಮಾಸುವುದಿಲ್ಲ. ನಮ್ಮ ಉಡುಪಿ ಸೀರೆಯ ಕೈಮಗ್ಗಗಳನ್ನು ಕಂಡವರಿಗೆ, ಮಗ್ಗಕ್ಕೇರುವ ಮೊದಲೇ ಬಣ್ಣ ಕುಡಿದ ನೂಲು ಎಂದರೆ ಏನೆಂದು ವಿವರಿಸಬೇಕಿಲ್ಲ. ಟ್ರೂ-ಬ್ಲೂ ಕೂಡ ಬಣ್ಣದ ಮಾತೇ. ಇಂಗ್ಲೆಂಡಿನ ಕೊವೆಂಟ್ರಿ ಪಟ್ಟಣದ ನೀಲಿ ಬಟ್ಟೆ ಬಣ್ಣ ಬಿಡುವುದಿಲ್ಲವೆಂದು ಹೆಸರಾಗಿತ್ತು. 17ನೆಯ ಶತಮಾನದಲ್ಲಿ ಅರಸನ ಧಾರ್ಮಿಕ ನೀತಿಯನ್ನು ಪ್ರತಿಭಟಿಸಿ 1638ರಲ್ಲಿ ಒಡಂಬಡಿಕೆ ಮಾಡಿಕೊಂಡ ಸ್ಕಾಟ್ಲೆಂಡಿನ ಪ್ರೊಟೆಸ್ಟೆಂಟರು ನೀಲಿಯನ್ನು ತಮ್ಮ ಬಣ್ಣವಾಗಿಸಿಕೊಂಡರು. ಅರಸನನ್ನು ಧಿಕ್ಕರಿಸಿದವರ ಆ ನೀಲಿ ಮುಂದೆ ಅರಸೊತ್ತಿಗೆಯ ಪರವಾದ ಕನ್ಸರ್ವೇಟಿವ್ ಪಕ್ಷದ ಬಣ್ಣವಾದದ್ದು ಇತಿಹಾಸದ ತಮಾಷೆ.

ಸ್ಟಾಂಚ್ ಎಂಬುದರ ಮೂಲ ಅರ್ಥ ನೀರು ಒಸರದ್ದು ಎಂದು. ಹಲಗೆಗಳ ನಡುವೆ ಬಿರುಕಿಲ್ಲದ ಹಡಗನ್ನು ಹಾಗೆ ಕರೆಯುತ್ತಿದ್ದರು. ಕಾಪು, ಮಲ್ಪೆಗಳ ಮೊಗವೀರ ಬಾಂಧವರಿಗೆ ಇದಕ್ಕಿಂತ ದೊಡ್ಡ ಹೊಗಳಿಕೆ ಬೇರೆ ಇರಲಾರದು. ಇನ್ನು ಹೈಡ್‌ಬೌಂಡ್ ಎಂದರೆ ಮೇವಿಲ್ಲದೆ ಸೊರಗಿ, ತೊಗಲು ಎಲುಬಿಗೆ ಅಂಟಿಕೊಂಡ ದನ. ಈ ಐದರಲ್ಲಿ ನಿಸ್ಸಂದೇಹವಾಗಿ ನಿಂದೆಯ ಪದ ಇದೊಂದೇ ಎಂದು ನನಗೆ ತೋರುತ್ತದೆ. ಬದಲಾಗದಿರುವುದು ಇಲ್ಲಿ ಶಕ್ತಿಯಿಂದಲ್ಲ, ಹಸಿವಿನಿಂದ.

ಕನ್ನಡಕ್ಕೂ ಈ ಇಬ್ಬಂದಿ ಹೊಸದಲ್ಲ. ನಮ್ಮ ಹಳೆಯ ಶಾಸನಗಳಲ್ಲಿ ಮತ್ತು ಕಾವ್ಯಗಳಲ್ಲಿ 'ಜೋಳವಾಳಿ', 'ವೇಳೆವಾಳಿ' ಎಂಬ ಮಾತುಗಳು ಬರುತ್ತವೆ. ಉಂಡ ಜೋಳದ ಋಣಕ್ಕೆ ಒಡೆಯನ ಪರವಾಗಿ ಹೋರಾಡುವುದು ಜೋಳವಾಳಿ. ಒಡೆಯ ಸತ್ತಾಗ ತಾನೂ ಸಾಯುವೆನೆಂಬ ಪ್ರತಿಜ್ಞೆ ವೇಳೆವಾಳಿ. ಹೊಯ್ಸಳ ಇಮ್ಮಡಿ ಬಲ್ಲಾಳನು 1220ರಲ್ಲಿ ತೀರಿಕೊಂಡಾಗ ಅವನ ದಂಡನಾಯಕ ಕುವರ ಲಕ್ಷ್ಮನು ತನ್ನವರೊಡನೆ ಪ್ರಾಣ ಬಿಟ್ಟ ಕಥೆಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಶಾಸನಸ್ತಂಭ ಇಂದಿಗೂ ಹೇಳುತ್ತದೆ. ಹತ್ತನೆಯ ಶತಮಾನದಲ್ಲಿ ಪಂಪನು ತನ್ನ ಭಾರತದ ಕೊನೆಯಲ್ಲಿ, ಖಳನೆಂದು ನಾವು ಎಣಿಸುವ ದುರ್ಯೋಧನನನ್ನೇ ಅವನ ಛಲಕ್ಕಾಗಿ ಸ್ಮರಿಸುತ್ತಾನೆ. ಛಲ ಎಂದರೆ ಮೆಚ್ಚುಗೆ, ಹಠ ಎಂದರೆ ಆಕ್ಷೇಪ. ಆದರೆ ಒಬ್ಬನ ಛಲ ಎಲ್ಲಿ ಮುಗಿದು ಹಠ ಎಲ್ಲಿ ಆರಂಭವಾಗುತ್ತದೆ ಎಂದು ಗೆರೆ ಎಳೆಯುವವರು ಸಾಮಾನ್ಯವಾಗಿ ಎದುರು ಪಕ್ಷದವರು.

ಪವಿತ್ರ ಗ್ರಂಥದಲ್ಲಿಯೂ ಎರಡು ಚಿತ್ರಗಳಿವೆ. ನೊಗಕ್ಕೆ ಕುತ್ತಿಗೆ ಬಾಗಿಸದ ಎತ್ತಿನಂತೆ ಇಸ್ರಯೇಲ್ ಜನ ಹಠಮಾರಿಗಳೆಂದು ವಿಮೋಚನಾಕಾಂಡ ದೂರುತ್ತದೆ. ಆದರೆ ಪ್ರವಾದಿ ಯೆರೆಮೀಯನ ಗ್ರಂಥದ 35ನೆಯ ಅಧ್ಯಾಯವನ್ನು ಬಿಡಿಸಿ ನೋಡಿ. ಅಲ್ಲಿ ರೇಕಾಬ್ಯರೆಂಬ ಕುಲದವರ ಮುಂದೆ ದೇವಾಲಯದಲ್ಲೇ ದ್ರಾಕ್ಷಾರಸದ ಪಾತ್ರೆಗಳನ್ನು ಇಡಲಾಗುತ್ತದೆ. ಕುಡಿಯಬಾರದು, ಮನೆ ಕಟ್ಟಬಾರದು, ಗುಡಾರದಲ್ಲೇ ಬಾಳಬೇಕೆಂದು ತಮ್ಮ ಪೂರ್ವಜ ಯೋನಾದಾಬ ವಿಧಿಸಿದ್ದಾನೆಂದು ಹೇಳಿ ಅವರು ಮುಟ್ಟುವುದಿಲ್ಲ. ಇಂದಿನ ನಮ್ಮ ಕಣ್ಣಿಗೆ ಶುದ್ಧ ಗೊಡ್ಡು ಸಂಪ್ರದಾಯ. ದೇವರು ಮಾತ್ರ ಅವರನ್ನು ಇಡೀ ಯೆರೂಸಲೇಮಿಗೆ ಮಾದರಿಯಾಗಿ ತೋರಿಸುತ್ತಾರೆ.

ಈ ಪೀಠಿಕೆ ಉದ್ದವಾಯಿತು. ಆ ಹುಡುಗಿಗೆ ನಾನು ಹೇಳಲು ಬಯಸಿದ್ದು ಇಂಗ್ಲೆಂಡಿನ ಕಥೆಯನ್ನಲ್ಲ, ಬೆಳ್ಮಣ್ಣಿನಿಂದ ಸುಮಾರು ನಲವತ್ತು ಕಿಲೋಮೀಟರು ಉತ್ತರದಲ್ಲಿರುವ ಬ್ರಹ್ಮಾವರದ ಕಥೆಯನ್ನು. ಉಡುಪಿ ದಾಟಿ, ಕಲ್ಯಾಣಪುರದಲ್ಲಿ ಸುವರ್ಣಾ ನದಿಯ ಸೇತುವೆ ದಾಟಿ ಮುಂದೆ ಹೋದರೆ ಬ್ರಹ್ಮಾವರದಲ್ಲಿ ಸಂತ ಮೇರಿಯ ಒಂದು ದೊಡ್ಡ ದೇವಾಲಯವಿದೆ. ಅಲ್ಲಿಯ ಭಕ್ತರ ಮನೆಮಾತು ನಮ್ಮದೇ ಕೊಂಕಣಿ. ಅವರ ಕುಲನಾಮಗಳು ನಮ್ಮವೇ. ಆದರೆ ಅವರು ರೋಮಿನ ಜಗದ್ಗುರುಗಳ ಅಧೀನದಲ್ಲಿಲ್ಲ. ಮಲಂಕರ ಆರ್ಥೊಡಾಕ್ಸ್ ಸಿರಿಯನ್ ಸಭೆಗೆ ಸೇರಿದವರು. ಇದು ಹೇಗಾಯಿತು?

ಇದರ ಬೇರು ಪದ್ರೊವಾದೊ ಎಂಬ ವ್ಯವಸ್ಥೆಯಲ್ಲಿದೆ. ಹೊಸ ನಾಡುಗಳಲ್ಲಿ ಸುವಾರ್ತೆ ಸಾರುವ, ದೇವಾಲಯ ಕಟ್ಟಿಸುವ, ಯಾಜಕರನ್ನು ಪೋಷಿಸುವ ಹೊಣೆಯನ್ನು ಜಗದ್ಗುರುಗಳು ಪೋರ್ಚುಗಲ್ ಅರಸನಿಗೆ ಒಪ್ಪಿಸಿದ್ದರು; ಪ್ರತಿಯಾಗಿ ಧರ್ಮಾಧ್ಯಕ್ಷರ ಹೆಸರನ್ನು ಸೂಚಿಸುವ ಹಕ್ಕು ಅರಸನಿಗೆ ದೊರೆತಿತ್ತು. ಗೋವೆಯ ಮಹಾಧರ್ಮಾಧ್ಯಕ್ಷರ ಮೂಲಕ ಕೆನರಾದ ನಮ್ಮ ಪೂರ್ವಜರೂ ಈ ಪಾಲನೆಗೆ ಒಳಪಟ್ಟಿದ್ದರು. ಆದರೆ ಪೋರ್ಚುಗಲ್ಲಿನ ಕೈ ಬಲಗುಂದಿತು, ರೋಮ್ 1622ರಲ್ಲಿ ಪ್ರೊಪಗಾಂಡಾ ಎಂಬ ಧರ್ಮಪ್ರಚಾರ ಮಂಡಲಿಯನ್ನು ಸ್ಥಾಪಿಸಿ ನೇರವಾಗಿ ತನ್ನ ಪ್ರತಿನಿಧಿಗಳನ್ನು ಕಳುಹಿಸತೊಡಗಿತು. ಒಂದೇ ಮಂದೆಗೆ ಇಬ್ಬರು ಕುರುಬರಾದರು.

ಈ ಜಗಳ ಎಷ್ಟು ಹಳೆಯದೆಂದರೆ, ನಾವು ಇಂದು ಸಂತರೆಂದು ಗೌರವಿಸುವ ಜೋಸೆಫ್ ವಾಜರು 1681ರಲ್ಲಿ ಕೆನರಾಕ್ಕೆ ಬಂದದ್ದೇ ಇದರ ನಡುವೆ. ಅವರು ಗೋವೆಯ ಕಡೆಯಿಂದ ನೇಮಕಗೊಂಡವರು. ಆಗ ಇಲ್ಲಿದ್ದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು ರೋಮಿನ ಪ್ರೊಪಗಾಂಡಾದವರು. ಯಾರಿಂದ ಪಡೆದ ಸಂಸ್ಕಾರ ಸಿಂಧು, ಯಾರಿಂದ ಪಡೆದದ್ದು ಅಸಿಂಧು ಎಂದು ಭಕ್ತರು ಗೊಂದಲಕ್ಕೀಡಾಗಿದ್ದರು. ವಾಜರು ತಮ್ಮ ಮೇಲಧಿಕಾರಿಗಳಿಗೆ ವಿಧೇಯರಾಗಿದ್ದೂ ಎದುರು ಪಕ್ಷದ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡರು, ಸಂಧಾನಕ್ಕೆ ಯತ್ನಿಸಿದರು. ಮೂರು ವರ್ಷ ಇಲ್ಲಿ ದುಡಿದು, ಮುಂದೆ ಸಿಲೋನಿಗೆ ಹೋಗಿ ಅಲ್ಲಿಯ ಪ್ರೇಷಿತರೆನಿಸಿಕೊಂಡರು. 2015ರ ಜನವರಿ 14ರಂದು ಅವರಿಗೆ ಸಂತ ಪದವಿ ದೊರೆಯಿತು. ನಿಷ್ಠೆ ಎಂದರೆ ಎದುರಿನವನನ್ನು ದ್ವೇಷಿಸುವುದಲ್ಲ ಎಂದು ತಿಳಿದ ಅಪರೂಪದವರಲ್ಲಿ ಅವರೊಬ್ಬರು. ಜಗಳವನ್ನು ಮುಗಿಸಲು ಮಾತ್ರ ಅವರಿಂದಲೂ ಆಗಲಿಲ್ಲ.

ನಡುವಿನ ಎರಡು ಶತಮಾನಗಳನ್ನು ಇಲ್ಲಿ ಬೇಗನೆ ದಾಟುತ್ತೇನೆ. 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆವಾಸದ ಕಥೆ ನಮ್ಮ ಮನೆಮನೆಗೂ ತಿಳಿದದ್ದೇ. ಮರಳಿ ಬಂದವರು ಹಾಳುಬಿದ್ದ ಗುಡಿಗಳನ್ನು ಎಬ್ಬಿಸಿದರು. ಕಾರ್ಕಳದ ಅತ್ತೂರಿನ ಸಂತ ಲಾರೆನ್ಸರ ದೇವಾಲಯ ಮತ್ತೆ ಮೇಲೆದ್ದದ್ದೂ ಹಾಗೆಯೇ. ಆ ಕಷ್ಟಕಾಲದ ಮೊದಲೂ ನಂತರವೂ ಇಲ್ಲಿ ಬಲಿಪೂಜೆ ಅರ್ಪಿಸಿದವರು ಬಹುಪಾಲು ಗೋವೆಯಿಂದ ಬಂದ ಯಾಜಕರು ಎಂಬುದನ್ನು ಮಾತ್ರ ನೆನಪಿಡಬೇಕು. ಏಕೆಂದರೆ 1838ರಲ್ಲಿ ಜಗದ್ಗುರು 16ನೆಯ ಗ್ರೆಗೊರಿಯವರು ಪದ್ರೊವಾದೊವಿನ ಅಧಿಕಾರವನ್ನು ಮೊಟಕುಗೊಳಿಸಿದಾಗ ಕೆನರಾದ ಜನ ಎರಡಾದರು. ಮಂಗಳೂರಿನ ಹಲವು ಪ್ರಮುಖರು ರೋಮಿನ ನೇರ ಆಡಳಿತವನ್ನು ಬಯಸಿದರು. ಇನ್ನು ಕೆಲವು ಊರುಗಳವರು, ನಮ್ಮನ್ನು ಕಷ್ಟದಲ್ಲಿ ನೋಡಿಕೊಂಡದ್ದು ಗೋವೆಯೇ ಹೊರತು ಬೇರಾರೂ ಅಲ್ಲ ಎಂದು ಅಲ್ಲಿಯೇ ಉಳಿದರು. ಇದನ್ನು ಹಠವೆಂದು ತಳ್ಳಿಬಿಡಲು ನನ್ನಿಂದ ಆಗದು. ಇದು ನಮ್ಮ ನಾಡಿನ ಹಳೆಯ ಜೋಳವಾಳಿಯೇ.

1878ರ ಕೊನೆಯ ದಿನ ಇಟಲಿಯ ಜೆಸುವಿತ್ ಯಾಜಕರು ಮಂಗಳೂರಿಗೆ ಬಂದಿಳಿದರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಆ ಬಳಿಕ 1886ರ ಜೂನ್ 23ರಂದು ಜಗದ್ಗುರು 13ನೆಯ ಲಿಯೊ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಗಿ, ಅದೇ ಸೆಪ್ಟೆಂಬರ್ 1ರಂದು ಭಾರತದ ಧರ್ಮಪ್ರಾಂತ್ಯಗಳನ್ನು ಕ್ರಮಬದ್ಧವಾಗಿ ರಚಿಸುವ ಆಜ್ಞೆ ಹೊರಟಿತು. ಮಂಗಳೂರು ಧರ್ಮಪ್ರಾಂತ್ಯವಾಯಿತು, ನಿಕೊಲಾಸ್ ಪಗಾನಿಯವರು ಅದರ ಮೊದಲ ಧರ್ಮಾಧ್ಯಕ್ಷರು. ನಮ್ಮ ಜಿಲ್ಲೆಗಳಲ್ಲಿ ಗೋವೆಯ ಅಧೀನದಲ್ಲಿ ಉಳಿದಿದ್ದ ದೇವಾಲಯಗಳೂ ಮಂಗಳೂರಿಗೆ ಸೇರಿದವು. ಕಾಗದದ ಮೇಲೆ ಇದು ಸುಂದರವಾದ ಪರಿಹಾರ. ಮೂರು ತಲೆಮಾರು ಗೋವೆಗಾಗಿ ನೆರೆಮನೆಯವರೊಡನೆ ಮಾತು ಬಿಟ್ಟಿದ್ದವರಿಗೆ ಅದು ಹೇಗೆ ಕಂಡಿರಬೇಕು ಎಂದು ಊಹಿಸಿ. ಯಾರ ಹಕ್ಕಿಗಾಗಿ ಅವರು ಕಾದಾಡಿದ್ದರೋ, ಆ ಪೋರ್ಚುಗಲ್ಲಿನ ಅರಸನೇ ಸಹಿ ಹಾಕಿ ಅವರನ್ನು ಬಿಟ್ಟುಕೊಟ್ಟಿದ್ದ.

ಅವರಲ್ಲಿ ಹಲವರು ಒಪ್ಪಿಕೊಂಡರು. ಬ್ರಹ್ಮಾವರ, ಕಲ್ಯಾಣಪುರ ಸುತ್ತಿನ ಕೆಲವರು ಒಪ್ಪಲಿಲ್ಲ. ಅವರ ಮುಂದಾಳು ಫಾದರ್ ರೋಕ್ ಝೆಫ್ರಿನ್ ನೊರೊನ್ಹಾ. ಗೋವೆಯಲ್ಲಿ ಇದೇ ಅತೃಪ್ತಿಯ ದನಿಯಾಗಿದ್ದವರು ವೆರ್ಣಾ ಗ್ರಾಮದ ಫಾದರ್ ಅಂತೋನಿಯೊ ಫ್ರಾನ್ಸಿಸ್ಕೊ ಝೇವಿಯರ್ ಆಲ್ವಾರಿಸ್. 1836ರಲ್ಲಿ ಹುಟ್ಟಿದವರು, ಪತ್ರಿಕೆಗಳನ್ನು ನಡೆಸಿ ಸರಕಾರವನ್ನೂ ಧರ್ಮಸಭೆಯ ಅಧಿಕಾರಿಗಳನ್ನೂ ನಿರ್ಭಿಡೆಯಿಂದ ಟೀಕಿಸಿದವರು. ರೋಮ್ ಕೇಳಲಿಲ್ಲ, ಗೋವೆ ಕೈಬಿಟ್ಟಿತು. ಆಗ ಅವರು ಕೇರಳದ ಕಡೆ ನೋಡಿದರು. 1889ರ ಜುಲೈ ತಿಂಗಳಲ್ಲಿ ಕೋಟ್ಟಯಂನ ಹಳೆಯ ಸೆಮಿನರಿಯಲ್ಲಿ ಆಲ್ವಾರಿಸರಿಗೆ ಮಾರ್ ಜೂಲಿಯಸ್ ಎಂಬ ಹೆಸರಿನಲ್ಲಿ ಧರ್ಮಾಧ್ಯಕ್ಷ ದೀಕ್ಷೆಯಾಯಿತು. ದೀಕ್ಷೆ ಕೊಟ್ಟವರಲ್ಲಿ, ಮುಂದೆ ಆ ಸಭೆಯವರು ಸಂತರೆಂದು ಘೋಷಿಸಿದ ಪರುಮಲದ ಮಾರ್ ಗ್ರಿಗೊರಿಯೊಸರೂ ಒಬ್ಬರು. ಕಥೋಲಿಕ ಸಭೆ ಆಲ್ವಾರಿಸರನ್ನು ಬಹಿಷ್ಕರಿಸಿತು.

ಇಲ್ಲಿ ಒಂದು ವಿಷಯ ನನ್ನನ್ನು ಬಹಳ ದಿನ ಕಾಡಿದೆ. ಏನೂ ಬದಲಾಗಬಾರದು ಎಂದು ಹಟ ಹಿಡಿದವರು ಕೊನೆಗೆ ಎಲ್ಲರಿಗಿಂತ ದೊಡ್ಡ ಬದಲಾವಣೆಯನ್ನು ಮಾಡಿಕೊಂಡರು. ಹಳೆಯ ಮಹಾಧರ್ಮಾಧ್ಯಕ್ಷರನ್ನು ಬಿಡಲಾರದೆ ಜಗದ್ಗುರುಗಳನ್ನೇ ಬಿಟ್ಟರು. ಗೋವೆಯನ್ನು ಕಳೆದುಕೊಳ್ಳಲಾರದೆ ಅಂತಿಯೋಖ್ಯದ ಪಿತೃಪ್ರಧಾನರನ್ನು ಆಶ್ರಯಿಸಿದರು. ಆದರೂ ತಮ್ಮ ಪೂಜಾವಿಧಿಯನ್ನು ಬಿಡಲೊಪ್ಪಲಿಲ್ಲ. ಲತೀನ್ ಪದ್ಧತಿಯಲ್ಲೇ ಬಲಿಪೂಜೆ ಅರ್ಪಿಸಲು ಪಿತೃಪ್ರಧಾನರಿಂದ ಅನುಮತಿ ಪಡೆದುಕೊಂಡರು. ಸಿರಿಯನ್ ಸಭೆಯ ಮಡಿಲಲ್ಲಿ ಲತೀನ್ ಪೂಜೆ! ನೂಲುವ ಮೊದಲೇ ಉಣ್ಣೆಗೆ ಹಿಡಿದ ಬಣ್ಣ ಎಂದರೆ ಇದೇ ಅಲ್ಲವೇ. 1988ರಲ್ಲಿ ಫ್ರಾನ್ಸಿನ ಮಹಾಧರ್ಮಾಧ್ಯಕ್ಷ ಲೆಫೆವ್ರ್ ಅವರು ಹಳೆಯ ಲತೀನ್ ಪೂಜೆಯ ಹೆಸರಿನಲ್ಲಿ ರೋಮಿನ ಅನುಮತಿಯಿಲ್ಲದೆ ನಾಲ್ವರಿಗೆ ಧರ್ಮಾಧ್ಯಕ್ಷ ದೀಕ್ಷೆ ಕೊಟ್ಟು ಬಹಿಷ್ಕೃತರಾದ ಸುದ್ದಿ ಜಗತ್ತನ್ನೇ ಸುತ್ತಿತು. ಅದಕ್ಕೆ ನಿಖರವಾಗಿ 99 ವರ್ಷ ಮೊದಲು ನಮ್ಮ ಹಿತ್ತಲಲ್ಲೇ ಅಂಥದ್ದು ನಡೆದಿತ್ತು; ನಾವು ಅದನ್ನು ಮಕ್ಕಳಿಗೆ ಹೇಳಿಲ್ಲ.

ಆಲ್ವಾರಿಸರ ಕೊನೆಗಾಲದ ಕಥೆ ಕಠಿಣವಾದದ್ದು. 1890ರ ದಶಕದಲ್ಲಿ ಪೋರ್ಚುಗೀಸ್ ಸರಕಾರ ಅವರನ್ನು ಬಂಧಿಸಿತು, ಅವರ ಧರ್ಮಾಧ್ಯಕ್ಷ ಉಡುಪನ್ನು ಕಳಚಿಸಿತು. ಅವರು ಗೋವೆಯಲ್ಲಿ ರೋಗಿಗಳ ಮತ್ತು ಬಡವರ ಸೇವೆಗೆ ನಿಂತರು, ಕಾಲರಾ ಚಿಕಿತ್ಸೆಯ ಬಗ್ಗೆ ಕಿರುಪುಸ್ತಕ ಬರೆದರು, ಬರಗಾಲಕ್ಕೆ ಪರಿಹಾರವೆಂದು ಮರಗೆಣಸು ಬೆಳೆಯಲು ಜನರನ್ನು ಪ್ರೋತ್ಸಾಹಿಸಿದರು. 1923ರ ಸೆಪ್ಟೆಂಬರ್ 23ರಂದು ರಿಬಂದರದ ಆಸ್ಪತ್ರೆಯಲ್ಲಿ ತೀರಿಕೊಂಡರು. ಅಷ್ಟರಲ್ಲಿ, 1910ರ ಅಕ್ಟೋಬರಿನ ಕ್ರಾಂತಿಯಲ್ಲಿ ಪೋರ್ಚುಗಲ್ಲಿನ ಅರಸೊತ್ತಿಗೆಯೇ ಉರುಳಿ ಹೋಗಿತ್ತು. ರಾಜಪೋಷಣೆಯ ಹಕ್ಕಿಗಾಗಿ ಹೊರಟ ಜನರ ಹಿಂದೆ ರಾಜನೇ ಉಳಿದಿರಲಿಲ್ಲ. 1950ರಲ್ಲಿ ಪೋರ್ಚುಗಲ್ ಭಾರತದ ಧರ್ಮಪ್ರಾಂತ್ಯಗಳ ಮೇಲಿನ ಪದ್ರೊವಾದೊ ಹಕ್ಕುಗಳನ್ನು ರೋಮಿಗೆ ಬಿಟ್ಟುಕೊಟ್ಟಿತು. 1953ರಲ್ಲಿ ಬೆಳಗಾವಿ ಧರ್ಮಪ್ರಾಂತ್ಯ ರಚನೆಯಾದಾಗ ಅದುವರೆಗೆ ಗೋವೆಯ ಕೆಳಗಿದ್ದ ಕಾರವಾರವೂ ಅದಕ್ಕೆ ಸೇರಿತು. ಯಾವ ಹಕ್ಕಿಗಾಗಿ ಬೀದಿ ಬೀದಿಯಲ್ಲಿ ಬಡಿದಾಡಿದ್ದರೋ ಅದು ಹೀಗೆ ಸದ್ದಿಲ್ಲದೆ ಮುಗಿಯಿತು.

ಫಾದರ್ ನೊರೊನ್ಹಾ ಬ್ರಹ್ಮಾವರ ಬಿಟ್ಟು ಹೋಗಲಿಲ್ಲ. 1936ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಸಣ್ಣ ಮಂದೆಯನ್ನು ಕಾದರು, ಶಾಲೆ ತೆರೆದರು. ಅಲ್ಲಿಯ ಸಭೆಯವರು ಇಂದಿಗೂ ಅವರನ್ನು ಪುಣ್ಯಪುರುಷರೆಂದು ಸ್ಮರಿಸುತ್ತಾರೆ. 2010ರಲ್ಲಿ ಬ್ರಹ್ಮಾವರ ಅವರ ಸಭೆಯ ಒಂದು ಧರ್ಮಪ್ರಾಂತ್ಯವಾಯಿತು. ಎರಡು ವರ್ಷ ಕಳೆದು 2012ರಲ್ಲಿ ನಮ್ಮ ಉಡುಪಿ ಧರ್ಮಪ್ರಾಂತ್ಯ ಹುಟ್ಟಿ, ಕಲ್ಯಾಣಪುರದ ಮಿಲಾಗ್ರಿಸ್ ದೇವಾಲಯ ಪ್ರಧಾನಾಲಯವಾಯಿತು. ಹಿಂದೆ ಬೇರ್ಪಟ್ಟವರ ಇಬ್ಬರು ಧರ್ಮಾಧ್ಯಕ್ಷರ ಪೀಠಗಳು ಹೀಗೆ ನದಿಯ ಆಚೆ ಈಚೆ ನಿಂತಿವೆ.

ಯಾಜಕನಾಗಿ ನನ್ನ ಅಭಿಪ್ರಾಯವನ್ನು ಮರೆಮಾಡುವುದಿಲ್ಲ. ಪೇತ್ರನ ಪೀಠದ ಐಕ್ಯತೆಯನ್ನು ಬಿಟ್ಟು ಹೋದದ್ದು ತಪ್ಪೆಂದೇ ನಾನು ನಂಬುತ್ತೇನೆ. ಆದರೆ ನಮ್ಮ ಕಡೆಯ ತಪ್ಪನ್ನೂ ಹೇಳಬೇಕು. ನಾನು ಸೆಮಿನರಿಯಲ್ಲಿದ್ದಾಗ ಓದಿದ ಹಳೆಯ ಪುಸ್ತಕವೊಂದರಲ್ಲಿ ಇವರ ಬಗ್ಗೆ ಇದ್ದದ್ದು ಮೂರೇ ಸಾಲು, ಮೂರರಲ್ಲೂ 'ಭಿನ್ನಮತೀಯರು' ಎಂಬ ಪದ. ಅವರು ಏನನ್ನು ಕಾಪಾಡಲು ಹೋದರು, ಯಾರೂ ಅವರ ಮನೆಗೆ ಹೋಗಿ ಏಕೆ ಕೇಳಲಿಲ್ಲ, ಆಜ್ಞಾಪತ್ರದ ಜೊತೆಗೆ ಒಂದು ಸಾಂತ್ವನದ ಮಾತು ಏಕೆ ಹೋಗಲಿಲ್ಲ ಎಂಬುದು ಅದರಲ್ಲಿರಲಿಲ್ಲ. ಎರಡನೆಯ ವ್ಯಾಟಿಕನ್ ಮಹಾಸಭೆ 1964ರ ನವೆಂಬರಿನಲ್ಲಿ ಹೊರಡಿಸಿದ ಕ್ರೈಸ್ತ ಐಕ್ಯತೆಯ ದಾಖಲೆಯಲ್ಲಿ, ಇಂಥ ಬಿರುಕುಗಳಲ್ಲಿ ಹಲವು ಬಾರಿ ಎರಡೂ ಕಡೆಯವರ ತಪ್ಪಿತ್ತು ಎಂದು ಒಪ್ಪಿಕೊಂಡಿದೆ. ಆ ಮಾತು ನಮ್ಮ ಊರಿನ ಮಟ್ಟಕ್ಕೆ ಇಳಿಯಲು ಇನ್ನೂ ಸಮಯ ಹಿಡಿಯುತ್ತಿದೆ.

ಇದೆಲ್ಲವನ್ನೂ ಅಂದು ಆ ಮನೆಯಲ್ಲಿ ಹೇಳುತ್ತಿದ್ದಾಗ ಒಳಗಿನಿಂದ ಹುಡುಗಿಯ ಅಜ್ಜಿ ಬಂದು ಕುಳಿತರು. ತಮ್ಮ ತಾಯಿಯ ಚಿಕ್ಕಮ್ಮನೊಬ್ಬರನ್ನು 'ಆ ಕಡೆ'ಗೆ ಕೊಟ್ಟಿದ್ದರೆಂದೂ, ಮದುವೆಯ ಬಳಿಕ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತೆಂದೂ, ಆದರೆ ಪ್ರತಿ ತೆನೆ ಹಬ್ಬಕ್ಕೆ ಯಾರ ಕೈಯಲ್ಲಾದರೂ ಹೊಸ ಅಕ್ಕಿ ಕಳುಹಿಸುತ್ತಿದ್ದರೆಂದೂ ಹೇಳಿದರು. "ಅವರು ಸತ್ತಾಗ ಇಲ್ಲಿಂದ ಯಾರೂ ಹೋಗಲಿಲ್ಲ ಫಾದರ್. ಹೋಗಬಹುದಿತ್ತು" ಎಂದರು. ಕಟ್ಟಾ ಎಂಬ ಪದಕ್ಕೆ ಅರ್ಥ ಬರೆಯಲು ಪೆನ್ನು ಹಿಡಿದಿದ್ದ ಮೊಮ್ಮಗಳು ಏನೂ ಬರೆಯಲಿಲ್ಲ.

ಪಾಸ್ಖ ಕಳೆದ ಮೇಲೆ ಅವರಿಬ್ಬರನ್ನೂ ಕರೆದುಕೊಂಡು ಬ್ರಹ್ಮಾವರಕ್ಕೆ ಹೋದೆ. ಫಾದರ್ ನೊರೊನ್ಹಾರ ಸಮಾಧಿಯ ಬಳಿ ಸ್ವಲ್ಪ ಹೊತ್ತು ನಿಂತೆವು. ಆಮೇಲೆ ಅಜ್ಜಿ ಸಮಾಧಿಕಲ್ಲುಗಳ ಸಾಲಿನಲ್ಲಿ ನಿಧಾನವಾಗಿ ನಡೆಯುತ್ತಾ ಹೆಸರುಗಳನ್ನು ಒಂದೊಂದಾಗಿ ಓದಿಸಿಕೊಂಡರು. ನಮ್ಮ ದೇವಾಲಯದ ಜ್ಞಾನಸ್ನಾನದ ಪುಸ್ತಕದಲ್ಲಿ ನಾನು ದಿನವೂ ಕಾಣುವ ಕುಲನಾಮಗಳೇ. ಅವರು ಹುಡುಕುತ್ತಿದ್ದ ಕಲ್ಲು ಸಿಗಲಿಲ್ಲ. ತಂದಿದ್ದ ಮೇಣದ ಬತ್ತಿಯನ್ನು ಹೆಸರು ಅಳಿಸಿಹೋಗಿದ್ದ ಒಂದು ಕಲ್ಲಿನ ಮೇಲೆ ಹಚ್ಚಿಟ್ಟು, ಕೊಂಕಣಿಯಲ್ಲಿ ಪರಲೋಕ ಮಂತ್ರವನ್ನು ಪ್ರಾರಂಭಿಸಿದರು. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಪೊರಕೆಯನ್ನು ಗೋಡೆಗೆ ಒರಗಿಸಿ, ಅದೇ ಭಾಷೆಯಲ್ಲಿ, ಪ್ರಾರ್ಥನೆಯ ಉಳಿದರ್ಧವನ್ನು ನಮ್ಮೊಡನೆ ಹೇಳಿದಳು.